ಎಡಗಡೆ ಇಲ್ಲದ ಗೆಲಾಕ್ಸಿಗಳು

ನಾನು ಪುಕ್ಕಲಿಯಲ್ಲ. ಮನೆಯಲ್ಲಿ ಜಿರಳೆ ಹೊಡೆಯುವವಳು ನಾನೇ, ನೀರು ಬಾರದಿದ್ದರೆ ಸೊಸೈಟಿ ಸೆಕ್ರೆಟರಿಯ ಬಾಗಿಲು ಬಡಿದು ಜಗಳ ತೆಗೆಯುವವಳೂ ನಾನೇ. ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಮೊಣಕೈ ಚಾಚಿ ದಾರಿ ಮಾಡಿಕೊಳ್ಳಲು ಮದುವೆಯಾಗಿ ಬಂದ ವರ್ಷವೇ ಕಲಿತಿದ್ದೆ. ಭಯ ಅಂದರೆ ಏನೆಂದು ನನಗೆ ಸರಿಯಾಗಿ ಗೊತ್ತಾದದ್ದು ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ, ಒಂದು ಭಾನುವಾರ ಮಧ್ಯಾಹ್ನ, ಊಟದ ಮೇಜಿನ ಮೇಲೆ ಹರಡಿದ್ದ ಕಾಗದಗಳ ಮುಂದೆ.

ಆಗ ನಾನು ಕಲ್ಯಾಣದ ಕಾಲೇಜೊಂದರಲ್ಲಿ ಫಿಸಿಕ್ಸ್ ಕಲಿಸುತ್ತಿದ್ದೆ. ಬೆಳಿಗ್ಗೆ ಊರಿಗೆ ಊರೇ ಮುಂಬೈ ಕಡೆ ನುಗ್ಗುವಾಗ ನಾನು ಉಲ್ಟಾ ದಿಕ್ಕಿಗೆ, ಕಿಟಕಿ ಪಕ್ಕ ಆರಾಮಾಗಿ ಕೂತು ಹೋಗುತ್ತಿದ್ದೆ. ಜೊತೆಗೆ ಪಿಎಚ್.ಡಿ. ಮಾಡುವ ಹಟ. ನನ್ನ ಗೈಡ್ ಮೈಸೂರಿನ ಹೆಂಗಸು. ಖಾರಘರದಲ್ಲಿ ಅವರ ಮನೆ. ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋಗಿ ಬೈಸಿಕೊಂಡು ಬರುವುದು ನನ್ನ ವಾರದ ಪದ್ಧತಿ.

ವಿಷಯ ಏನೆಂದರೆ ಗೆಲಾಕ್ಸಿಗಳ ಆಕಾರ. ಇದು ಸುರುಳಿ, ಇದು ಮೊಟ್ಟೆ, ಇದು ಚಿಂದಿ ಎಂದು ನೋಡಿದವರೆಲ್ಲ ಹೇಳಬಹುದು. ಆದರೆ ಎಷ್ಟು ಸುರುಳಿ, ಎಷ್ಟು ಚಿಂದಿ ಎಂದು ಕೇಳಿದರೆ ಅಂಕಿ ಬೇಕು. ಅದಕ್ಕೆ ಗೆಲಾಕ್ಸಿಯ ಸುತ್ತ ಅಂಚಿನ ಗೆರೆ ಎಳೆದು ಒಳಗಿನ ವಿಸ್ತೀರ್ಣ ಅಳೆಯುತ್ತೇವೆ, ಗೆರೆಯ ಉದ್ದ ಅಳೆಯುತ್ತೇವೆ. ಅಷ್ಟೇ ವಿಸ್ತೀರ್ಣಕ್ಕೆ ಗೆರೆ ಉದ್ದವಾದಷ್ಟೂ ಅಂಚು ಹರಕು ಎಂದರ್ಥ. ಇನ್ನೊಂದು ಅಳತೆ ನನಗೆ ಬಹಳ ಪ್ರಿಯವಾದದ್ದು. ಚಿತ್ರವನ್ನು ಅದರ ನಡುಬಿಂದುವಿನ ಮೇಲೆ ಅರ್ಧ ಸುತ್ತು ತಿರುಗಿಸಿ, ಮೊದಲಿನ ಚಿತ್ರದಿಂದ ಕಳೆಯುವುದು. ಎರಡೂ ಮಗ್ಗಲು ಸಮನಾಗಿದ್ದರೆ ಕಳೆದಾಗ ಏನೂ ಉಳಿಯುವುದಿಲ್ಲ. ಏನಾದರೂ ಉಳಿದರೆ, ಅದು ಆ ಗೆಲಾಕ್ಸಿಯ ಓರೆತನ.

ಗೆರೆ ಎಳೆಯುವುದು ಕಂಪ್ಯೂಟರ್. ಆದರೆ ಮಸುಕು ತೋಳುಗಳ ಹತ್ತಿರ ಬಂದಾಗ ಅದಕ್ಕೆ ದಿಕ್ಕು ತಪ್ಪುತ್ತದೆ. ಅದು ಎಳೆದದ್ದು ಸರಿಯೋ ತಪ್ಪೋ ನೋಡಲು ಮನುಷ್ಯ ಎಳೆದ ಗೆರೆಯೂ ಬೇಕು ಎಂದರು ಗೈಡ್. ಅದೂ ಖಗೋಳದ ಗಂಧಗಾಳಿ ಇಲ್ಲದವರು ಎಳೆಯಬೇಕು, ಇಲ್ಲದಿದ್ದರೆ ಇರಬೇಕಾದದ್ದನ್ನು ಎಳೆಯುತ್ತಾರೆ, ಇರುವುದನ್ನಲ್ಲ. ಮತ್ತೊಂದು ಕಟ್ಟಳೆ: ಕೆಲವು ಚಿತ್ರಗಳನ್ನು ಅರ್ಧ ಸುತ್ತು ತಿರುಗಿಸಿ, ವಾರದ ನಂತರ, ಹೇಳದೆ ಕೇಳದೆ ಮತ್ತೆ ಕಟ್ಟಿನೊಳಗೆ ತೂರಿಸಬೇಕು. ಒಂದೇ ಗೆಲಾಕ್ಸಿಗೆ ಎರಡು ಸಲವೂ ಒಂದೇ ಅಂಚು ಎಳೆದರೆ ಆ ಕೈಯನ್ನು ನಂಬಬಹುದು.

ಖಗೋಳದ ಗಂಧಗಾಳಿ ಇಲ್ಲದವರು ನನ್ನ ಮನೆಯಲ್ಲೇ ಇದ್ದರು. ನನ್ನ ಗಂಡ ಸಾನಪಾಡಾದ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದರು. ಡೊಂಬಿವಲಿಯಲ್ಲಿ ಹತ್ತಿ, ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ ಇಳಿದು ನವಿ ಮುಂಬೈ ಗಾಡಿ ಹಿಡಿದು ಹೋಗಿ, ಸಂಜೆ ಅದೇ ದಾರಿಯಲ್ಲಿ ಜಜ್ಜಿಹೋಗಿ ಮನೆಗೆ ಬಂದವರು, ಚಹಾ ಕುಡಿದು ಪೆನ್ಸಿಲ್ ಹಿಡಿದು ಕೂರುತ್ತಿದ್ದರು. ನಾವು ಚಿತ್ರಗಳನ್ನು ಬಣ್ಣ ತಿರುವುಮುರುವು ಮಾಡಿ ಮುದ್ರಿಸುತ್ತೇವೆ, ಆಕಾಶ ಬಿಳಿ, ಗೆಲಾಕ್ಸಿ ಮಸಿ ಬಣ್ಣ. ಅಂಚು ಹಾಗೆ ನೋಡಲು ಸುಲಭ.

"ಮೇಡಮ್ಮಾರ, ಇದು ನಮ್ಮವ್ವ ಬಡಿದ ರೊಟ್ಟಿ" ಎನ್ನುತ್ತಿದ್ದರು, ದುಂಡಗಿನದು ಸಿಕ್ಕರೆ. ಅಂಚು ಒಡೆದದ್ದು ಬಂದರೆ, "ಇದು ನೀ ಬಡಿದದ್ದು."

"ಆಕಾಶದಾಗ ನನ್ನ ರೊಟ್ಟೀನs ಜಾಸ್ತಿ ಅದಾವ, ಎಣಿಸಿ ನೋಡ್ರಿ" ಎನ್ನುತ್ತಿದ್ದೆ ನಾನು.

ನಮ್ಮಿಬ್ಬರದೂ ಗದಗಿನ ಕಡೆ. ಹತ್ತು ವರ್ಷ ಲೋಕಲ್ ಗಾಡಿಯ ಹಿಂದಿ-ಮರಾಠಿ ಮಾತಾಡಿದರೂ ರೊಟ್ಟಿಯ ವಿಷಯ ಬಂದಾಗ ಊರಿನ ಮಾತೇ ಬಾಯಿಗೆ ಬರುತ್ತಿತ್ತು. ಮಗಳದು ಮಾತ್ರ ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲೇ ಉತ್ತರ.

ಅವರ ಕೈ ಚೆನ್ನಾಗಿತ್ತು. ತಿರುಗಿಸಿ ಇಟ್ಟ ಚಿತ್ರಕ್ಕೂ ನೆಟ್ಟಗೆ ಇಟ್ಟ ಚಿತ್ರಕ್ಕೂ ಎಳೆದ ಗೆರೆಗಳು ಕೂದಲೆಳೆ ವ್ಯತ್ಯಾಸದಲ್ಲಿ ಹೊಂದುತ್ತಿದ್ದವು. ಗೈಡ್ ಅಪರೂಪಕ್ಕೆ ಹೊಗಳಿದ್ದರು. ಅದನ್ನು ಮನೆಗೆ ಬಂದು ಹೇಳಿದ್ದೇ ತಪ್ಪಾಯಿತು. ಆಮೇಲೆ ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾದರೂ "ನಂಬಿಗಸ್ತ ಕೈ ಅದ ನಂದು, ನಾ ಹೇಳತೀನಿ ಕೇಳು" ಎನ್ನುವ ಗತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಅಂಕಿಗಳು ಕೆಟ್ಟವು. ಅವರು ಎಳೆದ ಅಂಚಿನ ವಿಸ್ತೀರ್ಣ ಕಂಪ್ಯೂಟರಿನದಕ್ಕಿಂತ ಕಡಿಮೆ ಬರತೊಡಗಿತು. ಆಕೃತಿಯ ನಡುಬಿಂದು ಬಲಕ್ಕೆ ಸರಿಯತೊಡಗಿತು. ಮೊದಲು ನಾನು ಸ್ಕ್ಯಾನರನ್ನು ಬೈದೆ, ಆಮೇಲೆ ನನ್ನ ಪ್ರೋಗ್ರಾಮನ್ನು ಬೈದೆ. ಎರಡೂ ಸರಿಯಿವೆ ಎಂದು ಗೊತ್ತಾದ ಮೇಲೆ ಬೈಯಲು ಉಳಿದವರು ಗಂಡ ಒಬ್ಬರೇ. ಅವರ ಬಲಗಡೆ ಟಿ.ವಿ. ಇತ್ತು, ಟಿ.ವಿ.ಯಲ್ಲಿ ಕ್ರಿಕೆಟ್ ಇತ್ತು. ಒಂದು ಕಣ್ಣು ಅಲ್ಲಿ, ಒಂದು ಕಣ್ಣು ಇಲ್ಲಿ ಇಟ್ಟರೆ ಎಡಗಡೆ ಯಾರು ನೋಡಬೇಕು ಎಂದು ರೇಗಿದೆ.

"ಹೊರಗ ದುಡಿದು ಬಂದು ನಿನ್ನ ಸೂರ್ಯಚಂದ್ರರಿಗೆ ಗೆರಿ ಹೊಡೀಬೇಕು, ಮ್ಯಾಲ ಬೈಸಿಕೋಬೇಕು" ಎಂದರು. ಟಿ.ವಿ. ಆರಿಸಿದರು. ಮುಖ ಗಂಟುಹಾಕಿಕೊಂಡು ಬಹಳ ಕಾಳಜಿಯಿಂದ ಒಂದು ಗೆಲಾಕ್ಸಿಯ ಅಂಚು ಎಳೆದು ನನ್ನ ಕಡೆ ನೂಕಿದರು. ಅದರ ಎಡಗಡೆಯ ತೋಳು ಪೂರ್ತಿ ಗೆರೆಯ ಆಚೆಗಿತ್ತು. ಮಸುಕಲ್ಲ, ಯಾರಿಗಾದರೂ ಕಾಣುವಂತಿತ್ತು. ಸಿಟ್ಟಿಗೆ ಬೇಕೆಂದೇ ಬಿಟ್ಟಿದ್ದಾರೆ ಎಂದುಕೊಂಡು ನಾನೂ ಮಾತು ಬಿಟ್ಟೆ.

ಮನೆಯಲ್ಲಿ ಆ ದಿನಗಳಲ್ಲಿ ಇನ್ನೊಂದು ತಕರಾರು ನಡೆದಿತ್ತು. "ಇವತ್ತ ಚಟ್ನಿ ಮಾಡಿಲ್ಲೇನು?" ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದರು. ಚಟ್ನಿ ತಟ್ಟೆಯಲ್ಲೇ ಇರುತ್ತಿತ್ತು. "ಎದುರಿಗೇ ಇಟ್ಟೀನಲ್ರೀ, ಕಣ್ಣು ಎಲ್ಲಿ ಅದಾವ ನಿಮ್ಮವು?" ಎಂದು ನಾನು ಕುಟುಕುತ್ತಿದ್ದೆ. ಬರಬರುತ್ತ ಕೇಳುವುದನ್ನೂ ಬಿಟ್ಟರು. ಚಟ್ನಿ, ಉಪ್ಪಿನಕಾಯಿ, ಕೋಸಂಬರಿ ಹಾಗೇ ತಟ್ಟೆಯಲ್ಲಿ ಉಳಿದು ತೊಟ್ಟಿಗೆ ಹೋಗುತ್ತಿದ್ದವು. ನನ್ನ ಅಡುಗೆಯ ಮೇಲಿನ ಮುನಿಸು ಇದು ಎಂದು ನಾನು ತೀರ್ಮಾನಿಸಿದ್ದೆ.

ಆ ಭಾನುವಾರ ಗೈಡಿಗೆ ಏನು ಹೇಳುವುದೆಂದು ತಲೆ ಕೆಡಿಸಿಕೊಂಡು, ಗಂಡನ ಎಳೆತಗಳಲ್ಲಿ ಜೋಡಿಗಳನ್ನು ಹುಡುಕಿ ಅಕ್ಕಪಕ್ಕ ಇಡುತ್ತ ಹೋದೆ. ನೆಟ್ಟಗಿನದು, ತಿರುಗಿಸಿದ್ದು, ನೆಟ್ಟಗಿನದು, ತಿರುಗಿಸಿದ್ದು. ಬೇಸಿಗೆಯ ಜೋಡಿಗಳು ಕಣ್ಣಳತೆಗೆ ಹೊಂದಿದವು. ಇತ್ತೀಚಿನ ಒಂದು ಜೋಡಿಯ ಹತ್ತಿರ ಬಂದು ನಿಂತೆ. ಎರಡು ತೋಳಿನ ಸುರುಳಿ ಗೆಲಾಕ್ಸಿ. ನೆಟ್ಟಗಿನ ಚಿತ್ರದಲ್ಲಿ ಎಡಗಡೆಯ ತೋಳು ಬಿಟ್ಟಿದ್ದರು. ತಿರುಗಿಸಿದ ಚಿತ್ರದಲ್ಲಿ ಆ ತೋಳು ಬಲಕ್ಕೆ ಬರುತ್ತದೆ. ಅಲ್ಲಿ ಅದನ್ನು ಚೊಕ್ಕವಾಗಿ ಎಳೆದಿದ್ದರು. ಮೊದಲು ಎಳೆದಿದ್ದ ಇನ್ನೊಂದು ತೋಳು ಈಗ ಎಡಕ್ಕೆ ಬಂದಿತ್ತು, ಅದನ್ನು ಬಿಟ್ಟಿದ್ದರು.

ಮುಂದಿನ ಜೋಡಿಯೂ ಹಾಗೇ. ಅದರ ಮುಂದಿನದೂ ಹಾಗೇ. ಯಾವ ಗೆಲಾಕ್ಸಿಯನ್ನು ಹೇಗೆ ತಿರುಗಿಸಿ ಇಟ್ಟರೂ ಅದರ ಎಡಗಡೆ ಇರಲಿಲ್ಲ. ಯಾವುದು ಹೇಗೆ ತಿರುಗಿದೆ ಎಂದು ಅವರಿಗೆ ನಾನು ಹೇಳಿಯೇ ಇರಲಿಲ್ಲ, ಆದ್ದರಿಂದ ಸಿಟ್ಟಿಗೆ ಮಾಡಿದ ಕೆಲಸವೂ ಅಲ್ಲ. ಓರೆತನ ಚಿತ್ರದಲ್ಲಿರಲಿಲ್ಲ. ನೋಡುವವರಲ್ಲಿತ್ತು.

ಕೈಕಾಲು ತಣ್ಣಗಾದವು ಎಂದು ಜನ ಸುಮ್ಮನೆ ಹೇಳುತ್ತಾರೆ ಎಂದುಕೊಂಡಿದ್ದೆ. ನನ್ನ ಬೆರಳ ತುದಿಗಳು ನಿಜವಾಗಿಯೂ ತಣ್ಣಗಾದವು. ಒಳಗೆ ಅವರು ಮಗಳ ಜೊತೆ ಕೇರಂ ಆಡುತ್ತಿದ್ದರು. ಕೆಂಪು ಕಾಯಿ ಎಡಮೂಲೆಯ ತೂತಿನ ಬಾಯಲ್ಲೇ ಇದ್ದರೂ ಹೊಡೆಯದೆ ಬಿಟ್ಟದ್ದಕ್ಕೆ ಮಗಳು ಕೇಕೆ ಹಾಕುವುದು ಕೇಳಿಸಿತು.

ಕಾಗದಗಳನ್ನು ಎತ್ತಿಟ್ಟು ಊಟಕ್ಕೆ ಕರೆದೆ. ನಮ್ಮಲ್ಲಿ ಬಡಿಸುವ ಕ್ರಮ ನಿಮಗೆ ಗೊತ್ತೇ ಇದೆ: ಎಡಕ್ಕೆ ಉಪ್ಪು, ಉಪ್ಪಿನಕಾಯಿ, ಚಟ್ನಿ, ಕೋಸಂಬರಿ; ಬಲಕ್ಕೆ ಪಲ್ಯ. ನಮ್ಮತ್ತೆ ನನಗೆ ಮೊದಲು ಕಲಿಸಿದ್ದೇ ಅದು. ತಪ್ಪಿದರೆ ತಟ್ಟೆಯನ್ನೇ ಬದಲಿಸು ಎನ್ನುತ್ತಿದ್ದರು. ಹಾಗೇ ಬಡಿಸಿದೆ. ಅವರು ರೊಟ್ಟಿ ಮುರಿದು ಎಣ್ಣೆಗಾಯಿ ಜೊತೆ ತಿನ್ನತೊಡಗಿದರು. ಎಡಗಡೆಗೆ ಕೈ ಹೋಗಲಿಲ್ಲ. ನಾನು ತುಪ್ಪ ಹಾಕುವ ನೆಪದಲ್ಲಿ ತಟ್ಟೆಯನ್ನು ಹಿಡಿದು ಮೆಲ್ಲಗೆ ಅರ್ಧ ಸುತ್ತು ತಿರುಗಿಸಿದೆ.

"ಅರೆ, ಶೇಂಗಾ ಚಟ್ನಿ! ಈಗ ಹಾಕಿದಿಯೇನು?" ಎಂದು ಖುಷಿಯಿಂದ ತಿಂದರು. ಎಡಕ್ಕೆ ಹೋದ ಎಣ್ಣೆಗಾಯಿ ಹಾಗೇ ಉಳಿಯಿತು. "ಪಲ್ಯ ತೀರಿತು, ಇನ್ನೊಂದೀಟು ಹಾಕು."

ಮಗಳು ಕಿಸಕ್ಕನೆ ನಕ್ಕಳು. "ಮಮ್ಮೀ, ಪಪ್ಪಾ ಕೋ ದಿಖ್ತಾ ನಹೀ ಕ್ಯಾ?"

ಕಾಣುವುದಿಲ್ಲವಾ ಎಂದು ಅವಳು ತಮಾಷೆಗೆ ಕೇಳಿದ್ದು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು, ಸಿಂಕಿನ ಅಂಚು ಹಿಡಿದುಕೊಂಡು ನಿಂತೆ.

ಅವತ್ತೇ ಹೇಳಲಿಲ್ಲ. ಯಾಕೆ ಎಂದರೆ, ಹೇಳಿದರೆ ನಿಜವಾಗುತ್ತದೆ ಎಂಬ ಪೆದ್ದು ಹೆದರಿಕೆ. ಫಿಸಿಕ್ಸ್ ಕಲಿಸುವವಳಿಗೂ ಅಂಥ ಹೆದರಿಕೆ ಬರುತ್ತದೆ.

ಸೋಮವಾರ ಬೆಳಿಗ್ಗೆ ಅವರು ಬೂಟು ಹಾಕಿಕೊಳ್ಳುವಾಗ ನನಗೆ ಹೊಳೆಯಿತು: ಈ ಮನುಷ್ಯ ಇಷ್ಟು ತಿಂಗಳು ದಿನಾ ಡೊಂಬಿವಲಿಯಲ್ಲಿ ಗಾಡಿ ಹತ್ತಿದ್ದಾರೆ, ಠಾಣೆಯಲ್ಲಿ ಇಳಿದಿದ್ದಾರೆ, ರಸ್ತೆ ದಾಟಿದ್ದಾರೆ, ಅರ್ಧ ಲೋಕ ಇಲ್ಲದೆ. ಕಾಲೇಜಿಗೆ ರಜೆ ಹೇಳಿ, ಗೈಡ್ ಬರಹೇಳಿದ್ದಾರೆ ಎಂದು ಸುಳ್ಳು ಹೇಳಿ ಅವರ ಜೊತೆ ಹೊರಟೆ.

"ಸೋಮವಾರ ಯಾಕ ಕರೀತಾರ ನಿಮ್ಮ ಗೈಡ್?"

"ಅವರನ್ನs ಕೇಳ್ರಿ" ಎಂದೆ.

ಪ್ಲಾಟ್‌ಫಾರ್ಮಿನಲ್ಲಿ ಅವರ ಎಡಕ್ಕೆ ನಿಂತೆ. ಗಾಡಿ ಎಡದಿಂದಲೇ ಬಂತು. ಜನವೆಲ್ಲ ಒಂದು ಹೆಜ್ಜೆ ಹಿಂದಕ್ಕೆ ಸರಿದರು, ಇವರೊಬ್ಬರು ಸರಿಯಲಿಲ್ಲ. ಇಂಜಿನ್ ಮುಖ ಅವರ ಮುಂದೆ ಹಾದುಹೋದ ಮೇಲೆ ಬೆಚ್ಚಿ ಹಿಂದೆ ಬಂದರು. "ಇತ್ತಿತ್ತಲಾಗ ಗಾಡಿ ಸಪ್ಪಳಿಲ್ಲದ ಬರತಾವ" ಎಂದರು. ಹಾರ್ನು ನನ್ನ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು. ಅವರ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದೆ, ಅದು ಅವರಿಗೆ ಗೊತ್ತಾಗಲಿಲ್ಲ. ಅವತ್ತು ಲೇಡೀಸ್ ಡಬ್ಬಿಗೆ ಹೋಗದೆ ಅವರ ಜೊತೆ ಜನರಲ್ ಡಬ್ಬಿಗೇ ನುಗ್ಗಿದೆ. ಠಾಣೆಯ ಸೇತುವೆಯ ಮೇಲೆ ಎಡದಿಂದ ಬಂದವರೆಲ್ಲ ಅವರ ಭುಜಕ್ಕೆ ಗುದ್ದುತ್ತಿದ್ದರು. ಅವರು ಪ್ರತಿ ಸಲವೂ "ಏ, ದೇಖ್ ಕೇ ಚಲ್", ನೋಡಿಕೊಂಡು ನಡಿ, ಎಂದು ಬೈಯುತ್ತಿದ್ದರು. ಈ ಊರಿನಲ್ಲಿ ಯಾರಿಗೆ ಯಾರು ಗುದ್ದುವುದಿಲ್ಲ? ಅದಕ್ಕೇ ಇಷ್ಟು ದಿನ ಅವರಿಗೂ ಗೊತ್ತಾಗಿರಲಿಲ್ಲ, ಬೇರೆ ಯಾರಿಗೂ ಗೊತ್ತಾಗಿರಲಿಲ್ಲ.

ಸಾನಪಾಡಾದಲ್ಲಿ ಇಳಿದು ಹೊರಗೆ ಬಂದು ರಸ್ತೆ ದಾಟಬೇಕು. ಅವರು ಬಲಕ್ಕೆ ನೋಡಿದರು, ಎಡಕ್ಕೂ ನೋಡಿದೆ ಎಂಬಂತೆ ಸ್ವಲ್ಪ ಕತ್ತು ಆಡಿಸಿದರು, ಇಳಿದೇಬಿಟ್ಟರು. ಎಡದಿಂದ ಒಂದು ಆಟೋ ತಪ್ಪು ದಿಕ್ಕಿನಲ್ಲಿ ಬರುತ್ತಿತ್ತು. ನಾನು ಅವರ ಬೆನ್ನಿನ ಅಂಗಿ ಹಿಡಿದು ಎಳೆದ ರಭಸಕ್ಕೆ ಗುಂಡಿ ಕಿತ್ತು ಬಂತು. ಆಟೋದವನು ಬೈದು ಹೋದ. ಅವರೂ ಬೈದರು, ನನ್ನನ್ನು.

"ಹುಚ್ಚು ಹಿಡದದ ಏನು ನಿನಗ? ನಡು ರಸ್ತೆದಾಗ!"

"ಆಟೋ ಕಾಣಲಿಲ್ಲೇನ್ರೀ ನಿಮಗ?"

"ಯಾವ ಆಟೋ?"

ಸ್ಟೇಷನ್ನಿನ ಒಳಗೆ ಮತ್ತೆ ಕರೆದೊಯ್ದು ಬೆಂಚಿನ ಮೇಲೆ ಕೂರಿಸಿದೆ. ನೆಟ್ಟಗೆ ನನ್ನ ಮೂಗು ನೋಡಿ ಎಂದೆ. ನನ್ನ ಕೈಯನ್ನು ಅವರ ಎಡಕ್ಕೆ ಚಾಚಿ ಬೆರಳು ಆಡಿಸಿದೆ. ಏನೂ ಇಲ್ಲ. ಎಡಗಣ್ಣು ಕೆಟ್ಟಿರಬಹುದು, ಕಣ್ಣಿನ ವಿಷಯವಾದರೆ ಕನ್ನಡಕವೋ ಆಪರೇಷನ್ನೋ ಏನೋ ಒಂದು ಇದೆ ಎಂಬ ಆಸೆಯಿತ್ತು. ಎಡಗಣ್ಣು ಮುಚ್ಚಿಸಿ ಬಲಗಣ್ಣಿನಿಂದ ನೋಡಿಸಿದೆ. ಆಗಲೂ ಎಡಗಡೆ ಇಲ್ಲ. ಬಲಗಣ್ಣು ಮುಚ್ಚಿಸಿದೆ. ಆಗಲೂ ಇಲ್ಲ. ಎರಡೂ ಕಣ್ಣು ಸೇರಿ ಒಂದೇ ಕಡೆ ಬಿಟ್ಟುಕೊಟ್ಟಿದ್ದವು. ನನ್ನ ಆಸೆ ಅಲ್ಲೇ ಸತ್ತಿತು.

"ಬೆರಳು ಆಡಸು ಮತ್ತ" ಎಂದರು.

"ಆಡಸಾಕತ್ತೀನಿ" ಎಂದೆ.

ಅವರ ಮುಖದ ಮೇಲಿನ ನಗು ಹೋಯಿತು. ಮದುವೆಯಾದಾಗಿನಿಂದ ಆ ಮುಖದಲ್ಲಿ ಹೆದರಿಕೆ ನೋಡಿರಲಿಲ್ಲ. ಕತ್ತು ಎಡಕ್ಕೆ ಹೊರಳಿಸಿ, ಆಡುತ್ತಿದ್ದ ನನ್ನ ಬೆರಳುಗಳನ್ನು ನೋಡಿ, ಆ ಕೈಯನ್ನು ತೆಗೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಆಫೀಸಿಗೆ ಫೋನ್ ಮಾಡಿ ಬರುವುದಿಲ್ಲ ಎಂದರು.

ಠಾಣೆಯ ಕಣ್ಣಿನ ಡಾಕ್ಟರು ಒಂದು ಬಿಳಿ ಬೋಗುಣಿಯಂಥ ಯಂತ್ರದೊಳಗೆ ಅವರ ಮುಖ ಇಡಿಸಿದರು. ಒಳಗೆ ಅಲ್ಲಲ್ಲಿ ಸಣ್ಣ ಬೆಳಕು ಮಿನುಗುತ್ತದೆ, ಕಂಡರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಹೊರಗೆ ಕೂತು ಗುಂಡಿಯ ಸದ್ದು ಕೇಳುತ್ತಿದ್ದೆ. ಟಿಕ್, ಟಿಕ್, ಆಮೇಲೆ ಏನೂ ಇಲ್ಲ. ಆ ಮೌನ ಎಷ್ಟು ಉದ್ದ ಇತ್ತೆಂದರೆ ನಾನೇ ಎದ್ದು ಒಳಗೆ ಹೋಗಿ ಒತ್ತಿಬಿಡಲೇ ಅನ್ನಿಸಿತು. ಮತ್ತೆ ಟಿಕ್.

ಕಾಗದ ಬಂತು. ಎರಡು ಕಣ್ಣಿಗೆ ಎರಡು ವೃತ್ತ, ಎರಡರಲ್ಲೂ ಎಡ ಅರ್ಧ ಕಪ್ಪು. ನಾನು ಹೊಟ್ಟೆಪಾಡಿಗೆ ಅಂಚು ನೋಡುವವಳು. ಡಾಕ್ಟರು ಬಾಯಿ ಬಿಡುವ ಮೊದಲೇ ಆ ಕಪ್ಪಿನ ಅಂಚು ನೋಡಿದೆ. ಅದು ಹರಕಾಗಿರಲಿಲ್ಲ, ವೃತ್ತದ ನಟ್ಟನಡುವೆ ಸ್ಕೇಲಿಟ್ಟು ಎಳೆದಂತೆ ನೆಟ್ಟಗಿತ್ತು. ಕಣ್ಣಿನ ರೋಗ ಇಷ್ಟು ನೆಟ್ಟಗಿನ ಗೆರೆ ಎಳೆಯುವುದಿಲ್ಲ ಎಂದು ನನಗೆ ಯಾರೂ ಕಲಿಸಿರಲಿಲ್ಲ, ಆದರೂ ಗೊತ್ತಾಯಿತು.

"ಕಣ್ಣು ಎರಡೂ ಚೆನ್ನಾಗಿವೆ" ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿದರು. ಅದನ್ನು ಸಮಾಧಾನದ ದನಿಯಲ್ಲಿ ಹೇಳಲಿಲ್ಲ. ತೊಂದರೆ ಕಣ್ಣಿನ ಹಿಂದೆ, ಮೆದುಳಿನಲ್ಲಿ ನೋಡುವ ಜಾಗ ಇದೆಯಲ್ಲ, ಅಲ್ಲಿ. ನಾಳೆಯೇ ಎಂ.ಆರ್.ಐ. ಮಾಡಿಸಿ ಎಂದರು.

ಮಾಡಿಸಿದೆವು. ತಲೆಯ ಹಿಂಭಾಗದಲ್ಲಿ, ಬಲಕ್ಕೆ, ಒಂದು ಗಡ್ಡೆ. ನವಿ ಮುಂಬೈಯ ಸರ್ಜನ್ ಒಬ್ಬರು ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಪೆನ್ನಿನ ತುದಿಯಿಂದ ತೋರಿಸಿದರು. ಮೆದುಳಿನ ಹೊದಿಕೆಯಿಂದ ಎದ್ದು ನೋಡುವ ಜಾಗವನ್ನು ಒತ್ತುತ್ತಿದೆ. ಬಲಗಡೆಯ ಮೆದುಳು ಎಡಗಡೆಯನ್ನು ನೋಡುತ್ತದೆ, ಅದಕ್ಕೇ ಹೀಗೆ. "ನೋಡಿ, ದುಂಡಗಿದೆ, ಅಂಚು ನುಣುಪಾಗಿದೆ. ಒಳ್ಳೆಯ ಲಕ್ಷಣ" ಎಂದರು.

ಬೇರೆ ಯಾರಾದರೂ ಆಗಿದ್ದರೆ ಆ ಮಾತಿಗೆ ಕೈಮುಗಿಯುತ್ತಿದ್ದರು. ನನ್ನ ಹಣೆಬರಹ ನೋಡಿ, ನುಣುಪಾದ ಅಂಚನ್ನು ನಂಬಬೇಡ ಎನ್ನುವುದೇ ನನ್ನ ವಿದ್ಯೆ. ದೂರದ ಗೆಲಾಕ್ಸಿ ಎಷ್ಟೇ ಚಿಂದಿಯಾಗಿದ್ದರೂ ಮಸುಕು ಚಿತ್ರದಲ್ಲಿ ದುಂಡಗೇ ಕಾಣುತ್ತದೆ. ಹರಕು ಅಂಚನ್ನೆಲ್ಲ ಮಸುಕು ತಿಂದುಹಾಕುತ್ತದೆ. ಇನ್ನೂ ಸ್ಪಷ್ಟವಾದ ದೂರದರ್ಶಕ ಬಂದ ಮೇಲೆ ಎಷ್ಟೋ ದುಂಡಗಿನವು ಚಿಂದಿ ಎಂದು ಗೊತ್ತಾದದ್ದನ್ನು ನಾನೇ ಹುಡುಗರಿಗೆ ಪಾಠ ಮಾಡಿದ್ದೆ. "ಈ ಚಿತ್ರದ ಒಂದು ಚುಕ್ಕೆ ಎಷ್ಟು ಮಿಲಿಮೀಟರ್ ಆಗುತ್ತದೆ?" ಎಂದು ಕೇಳಿಯೇಬಿಟ್ಟೆ. ಸರ್ಜನ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನನ್ನ ಹೆಂಡತಿ ಎಲ್ಲಾನೂ ಅಳೀತಾಳ್ರಿ ಸರ್" ಎಂದು ಇವರು ಕನ್ನಡದಲ್ಲೇ ಹೇಳಿದರು. ಆ ಸರ್ಜನ್‌ಗೆ ಕನ್ನಡ ಬರುತ್ತಿರಲಿಲ್ಲ.

ಯಾವಾಗಿನಿಂದ ಹೀಗೆ ಎಂದು ಸರ್ಜನ್ ಇವರನ್ನು ಕೇಳಿದರು. ಇಲ್ಲದ್ದು ಇಲ್ಲ ಎಂದು ಗೊತ್ತಾಗುವುದಾದರೂ ಹೇಗೆ? ಆ ವಾರ ಗೈಡಿಗೆ ಫೋನ್ ಮಾಡಿ ವಿಷಯ ಹೇಳಿದ್ದೆ. ಅವರು ಧೈರ್ಯ ಹೇಳಿ, ಕೊನೆಗೆ ಮೆಲ್ಲಗೆ, "ನೋಡಿ, ಅವರು ಎಳೆದಿರೋದ್ರಲ್ಲಿ ಯಾವಾಗಿಂದ ಆಚೇದನ್ನ ಲೆಕ್ಕದಿಂದ ಬಿಟ್ಟುಬಿಡ್ಬೇಕು ಅಂತ ಒಂದ್ಸಲ ನೋಡ್ಕೊಂಡ್ಬಿಡಿ" ಎಂದಿದ್ದರು. ನನಗೆ ರೋಷ ಬಂದು ಫೋನ್ ಇಟ್ಟುಬಿಟ್ಟಿದ್ದೆ. ಮನುಷ್ಯ ಸಾಯುವ ಹೊತ್ತಿನಲ್ಲಿ ಇವರಿಗೆ ಅಂಕಿಯ ಚಿಂತೆ. ಆದರೆ ಸರ್ಜನ್ ಕೇಳಿದ್ದೂ ಅದೇ ಪ್ರಶ್ನೆ ಎಂದು ಮನೆಗೆ ಬರುವಾಗ ಗಾಡಿಯಲ್ಲಿ ಹೊಳೆಯಿತು.

ಕಟ್ಟನ್ನು ಬಿಚ್ಚಿ, ಎಳೆತಗಳನ್ನೆಲ್ಲ ತಿಂಗಳವಾರು ಜೋಡಿಸಿ, ಪ್ರತಿಯೊಂದರಲ್ಲೂ ಎಡಗಡೆ ಎಷ್ಟು ಬಿಟ್ಟುಹೋಗಿದೆ ಎಂದು ಅಳೆದೆ. ಅಳೆಯುವಾಗ ಅಳು ಬರಲಿಲ್ಲ, ಅದು ನನಗೆ ಗೊತ್ತಿರುವ ಕೆಲಸ. ಆ ಅಂಕಿಗಳನ್ನು ಗ್ರಾಫಿಗೆ ಹಾಕಿ ನೋಡಿದ ಮೇಲೆ ಅಳು ಬಂತು. ಮಳೆಗಾಲಕ್ಕೂ ಮುಂಚೆಯೇ ಶುರುವಾಗಿತ್ತು. ಮೊದಲು ಎಡಗಡೆಯ ಕೆಳಮೂಲೆಯ ಚೂರು, ಆಮೇಲೆ ಅಲ್ಲಿಂದ ಮೇಲಕ್ಕೆ. ನಾವು ಎದುರುಬದುರು ಕೂತು ರೊಟ್ಟಿಯ ತಮಾಷೆ ಮಾಡುತ್ತಿದ್ದಾಗಲೇ ಅದು ಮೆಲ್ಲಮೆಲ್ಲಗೆ ಅವರನ್ನು ತಿನ್ನುತ್ತಿತ್ತು.

ಸರ್ಜನ್ ಆ ಗ್ರಾಫನ್ನು ಗಮನವಿಟ್ಟು ನೋಡಿದರು. ನಿಧಾನಕ್ಕೆ ಬೆಳೆದಿದೆ, ಕೆಟ್ಟ ಜಾತಿಯದಾಗಿದ್ದರೆ ಇಷ್ಟು ತಾಳ್ಮೆ ಇರುತ್ತಿರಲಿಲ್ಲ ಎಂದರು. ಆಪರೇಷನ್ ಆದ ಮೇಲೆ ದೃಷ್ಟಿ ಬರಬಹುದು, ಅರ್ಧ ಬರಬಹುದು, ಬಾರದೆಯೂ ಇರಬಹುದು. ಮೊದಲು ಜೀವ ಉಳಿಯಲಿ ಎಂದರು. ಜೀವ ಎಂಬ ಪದವನ್ನು ಅಲ್ಲಿಯವರೆಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಸಂಜೆ ಅವರು ಮಗಳ ಪಕ್ಕ ಕೂತು ಅವಳ ಹೋಂವರ್ಕ್ ಮಾಡಿಸಿದರು. ಪ್ರತಿ ಸಾಲಿನ ಮೊದಲ ಪದ ಬಿಟ್ಟು ಓದುತ್ತಿದ್ದರು. ಮಗಳು ಸಾಲಿನ ಶುರುವಿಗೆ ಬೆರಳಿಟ್ಟು, "ಯಹಾಂ ಸೇ, ಪಪ್ಪಾ, ಯಹಾಂ ಸೇ" ಎನ್ನುತ್ತಿದ್ದಳು. ಅವಳಿಗೆ ನಾವು ತಲೆನೋವು ಎಂದಷ್ಟೇ ಹೇಳಿದ್ದೆವು. ಅವಳು ಮಲಗಿದ ಮೇಲೆ ಇವರು, "ಏನಾದರೂ ಹೆಚ್ಚು ಕಡಿಮಿ ಆದರ..." ಎಂದು ಶುರು ಮಾಡಿದರು. ಬಾಯಿ ಮುಚ್ಚಿ ಎಂದು ಗದರಿದೆ.

ಆಪರೇಷನ್ ದಿನ ನಾನು ದೇವರನ್ನು ನೆನೆದೆನೋ ಇಲ್ಲವೋ ನೆನಪಿಲ್ಲ. ಕಾಯುವ ಕೋಣೆಯ ನೆಲದ ಟೈಲ್ಸಿನಲ್ಲಿ ಯಾವುದು ಒಡೆದಿದೆ, ಒಡೆದ ಚೂರಿನ ಅಂಚು ಎಷ್ಟು ಹರಕಾಗಿದೆ ಎಂದು ನೋಡುತ್ತ ಕೂತಿದ್ದೆ. ಕಣ್ಣು ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಬಾಗಿಲು ತೆರೆದಾಗಲೆಲ್ಲ ತಲೆಯೆತ್ತುತ್ತಿದ್ದೆ, ಯಾರೋ ಬೇರೆಯವರನ್ನು ಕರೆದಾಗ ನಾಚಿಕೆಯಿಲ್ಲದೆ ಸಮಾಧಾನವಾಗುತ್ತಿತ್ತು. ಸಂಜೆಯ ಹೊತ್ತಿಗೆ ಸರ್ಜನ್ ಹೊರಗೆ ಬಂದು ಪೂರ್ತಿ ತೆಗೆದಿದ್ದೇವೆ ಎಂದರು. ಗಡ್ಡೆ ಸಾಧು ಜಾತಿಯದೇ, ಕ್ಯಾನ್ಸರ್ ಅಲ್ಲ ಎಂದು ಕಾಣುತ್ತದೆ, ಪರೀಕ್ಷೆಗೆ ಕಳಿಸಿದ್ದೇವೆ. ನಾಳೆ ನೋಡಬಹುದು.

ಮರುದಿನ ಬೆಳಿಗ್ಗೆ ಐಸಿಯು ಒಳಗೆ ಬಿಟ್ಟರು. ಬಾಗಿಲು ಅವರ ಮಂಚದ ಎಡಕ್ಕಿತ್ತು. ಬಲಕ್ಕೆ ಯಂತ್ರಗಳು, ಅವುಗಳ ನಡುವೆ ಕೇರಳದ ನರ್ಸ್. ತಲೆಗೆ ಬಿಳಿ ಪಟ್ಟಿ ಸುತ್ತಿದ್ದರು, ಮುಖ ಬಾತುಕೊಂಡಿತ್ತು, ಕಣ್ಣು ತೆರೆದಿದ್ದವು. ನಾನು ಒಳಗೆ ಹೋಗಿ ಮಂಚದ ಪಕ್ಕ ನಿಂತೆ, ಕೈ ಚಾಚಿದರೆ ಅವರ ಭುಜ ಸಿಗುವಷ್ಟು ಹತ್ತಿರ. ತೆಗೆದಾಯಿತಲ್ಲ, ಈಗ ಕಾಣಬೇಕು, ಈಗ ನನ್ನ ಕಡೆ ನೋಡುತ್ತಾರೆ ಎಂದುಕೊಂಡು ಕಾದೆ. ಅವರು ಎದುರಿನ ಗೋಡೆಯನ್ನು ನೋಡುತ್ತಿದ್ದರು. ಆಮೇಲೆ ಬಲಕ್ಕೆ ತಿರುಗಿ ಒಣಗಿದ ದನಿಯಲ್ಲಿ ನರ್ಸನ್ನು ಕೇಳಿದರು.

"ಸಿಸ್ಟರ್, ಮೇರೀ ಮಿಸೆಸ್ ನಹೀ ಆಯೀ ಕ್ಯಾ?"

ಹೆಂಡತಿ ಬಂದಿಲ್ಲವೇ ಎಂದು. ನರ್ಸ್ ನನ್ನ ಮುಖ ನೋಡಿದಳು, ಏನೋ ಹೇಳಲು ಹೋದಳು. ಬೇಡ ಎಂದು ಕೈ ಆಡಿಸಿದೆ. ಅಷ್ಟು ದಿನಗಳಲ್ಲಿ ನಾನು ಪಟ್ಟ ಭಯವೆಲ್ಲ ಒಂದು ತೂಕ, ಆ ಒಂದು ಗಳಿಗೆಯದು ಇನ್ನೊಂದು ತೂಕ. ಅವರ ಲೋಕದಿಂದ ಅಳಿಸಿಹೋದವಳ ಹಾಗೆ ನಿಂತಿದ್ದೆ, ಜೀವಂತ. ಕಡೆಗೆ ಮಂಚದ ಕಾಲ್ದೆಸೆಯ ಕಂಬಿ ಹಿಡಿದುಕೊಂಡು, ಸದ್ದಾಗದಂತೆ, ಸುತ್ತು ಹಾಕಿ ಬಲಗಡೆಗೆ ಹೋದೆ.

ನನ್ನನ್ನು ಕಂಡು ಬಾತ ಮುಖ ಅರಳಿತು.

"ಈಗ ಬಂದಿಯೇನು?"

"ಹೂಂನ್ರೀ, ಈಗs ಬಂದೆ" ಎಂದೆ. ಕುರ್ಚಿ ಎಳೆದುಕೊಂಡು ಅಲ್ಲೇ ಕೂತೆ.